ನಮ್ಮ ಗೋಡೌನು, ಅವರ ಕಾಫಿ

ನನ್ನ ನಾಲಿಗೆ ಸ್ವಲ್ಪ ಚುರುಕು. ಅದರಿಂದ ಕೆಲಸ ಕಳೆದುಕೊಂಡದ್ದೂ ಉಂಟು, ಕೆಲಸ ಸಿಕ್ಕಿದ್ದೂ ಉಂಟು. ಕುಶಾಲನಗರದ ಹೊರಗೆ ಇರುವ ಒಂದು ಕಾಫಿ ಕಂಪನಿಯಲ್ಲಿ ಹಣಕಾಸು ವಿಭಾಗದ ಮುಖ್ಯಸ್ಥೆ ನಾನು. ವಿಭಾಗ ಅಂದರೆ ನಾನು, ಒಂದು ಕಂಪ್ಯೂಟರು, ಕರೆಂಟು ಹೋದಾಗ ಗಾಳಿ ಬೀಸಿಕೊಳ್ಳಲು ಒಂದು ರಟ್ಟು. ಹಾಸನದ ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದ ಮನೆತನ ನಮ್ಮದು. ಶುಂಠಿ, ಮುಸುಕಿನ ಜೋಳ ಗೊತ್ತಿತ್ತೇ ಹೊರತು ಕಾಫಿಯ ಗಂಧಗಾಳಿ ಇರಲಿಲ್ಲ. ಮೈಸೂರಿನಲ್ಲಿ ಎಂಬಿಎ ಮಾಡಿ, ಅಲ್ಲೇ ಒಂದು ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದು, ಮೇಲಿನವರ ಜೊತೆ ಬಾಯಿಗೆ ಬಾಯಿ ಕೊಟ್ಟು ಹೊರಬಿದ್ದು ಇಲ್ಲಿಗೆ ಬಂದವಳು.

ಕಂಪನಿಯ ಕೆಲಸ ಹೇಳಲಿಕ್ಕೆ ಸುಲಭ. ಬೆಳೆಗಾರರು ಒಣಗಿಸಿ ತಂದ ಕಾಫಿ ಕೊಳ್ಳುವುದು, ಮಿಲ್ಲಿಗೆ ಹಾಕಿ ಸಿಪ್ಪೆ ಬಿಡಿಸುವುದು, ಬೀಜ ಆರಿಸಿ ಹೊಸ ಚೀಲಕ್ಕೆ ತುಂಬಿ ಹೊರದೇಶಕ್ಕೆ ಕಳಿಸುವುದು. ಬೀಜ ಆರಿಸಲು ಎಂಬತ್ತು ಹೆಂಗಸರಿದ್ದರು. ಮಾಲೀಕರು ಕೊಡ್ಲಿಪೇಟೆ ಕಡೆಯವರು. ನಾವೆಲ್ಲ ಅವರನ್ನು ಯಜಮಾನರು ಅಂತಲೇ ಕರೆಯುವುದು. ಹಣೆಗೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ಯಾರಾದರೂ ಎರಡನೇ ಸಲ ಟೀ ಕೇಳಿದರೆ ಅವರ ಮುಖವನ್ನೊಮ್ಮೆ ನೋಡಿ ಆಮೇಲೆ ತರಿಸುವಷ್ಟು ಕೈ ಬಿಗಿ. ಮೂವತ್ತು ವರ್ಷದ ಹಿಂದೆ ಸಿಪ್ಪೆ ಬಿಡಿಸುವ ಒಂದೇ ಒಂದು ಹಲ್ಲರ್ ಮಿಷಿನ್ ಇಟ್ಟುಕೊಂಡು ಶುರು ಮಾಡಿದವರು.

ಓದುವಾಗ ನಾನು ಕಂಪನಿಗಳ ಹಣಕಾಸು ಅಂದರೆ ಷೇರು, ಬಾಂಡು, ಹೂಡಿಕೆದಾರರು ಅಂದುಕೊಂಡಿದ್ದೆ. ನಮ್ಮಂಥ ಕಂಪನಿಗೆ ಇರುವುದು ಒಂದೇ ಬಾಗಿಲು, ಬ್ಯಾಂಕಿನದು. ಮಿಲ್ಲು ಮತ್ತು ಯಜಮಾನರು ಇರುವ ಮನೆ ಎರಡೂ ಆಗಲೇ ಅಲ್ಲಿ ಅಡವಾಗಿದ್ದವು. ಬೆಳೆಗಾರರಿಗೆ ಜನವರಿಯಿಂದ ಮಾರ್ಚ್ ಒಳಗೆ ಕೈಗೆ ದುಡ್ಡು ಬೇಕು. ಇಟಲಿಯ ಗಿರಾಕಿ ದುಡ್ಡು ಕೊಡುವುದು ಹಡಗು ಹೊರಟು ತೊಂಬತ್ತು ದಿನ ಆದ ಮೇಲೆ. ನಡುವಿನ ಈ ಕಂದಕವನ್ನು ಬ್ಯಾಂಕಿನ ಸಾಲದಿಂದ ತುಂಬಬೇಕು. ಬ್ಯಾಂಕು ಸಾಲ ಕೊಡುವುದು ಗೋಡೌನಿನಲ್ಲಿ ಎಷ್ಟು ಕಾಫಿ ಇದೆ ಅಂತ ನೋಡಿ. ಕಾಫಿ ಕೊಳ್ಳಲಿಕ್ಕೆ ಸಾಲ ಬೇಕು, ಸಾಲಕ್ಕೆ ಕಾಫಿ ತೋರಿಸಬೇಕು. ಈ ಗಾಣದ ಸುತ್ತು ಸುತ್ತಿಸುವುದೇ ನನ್ನ ಉದ್ಯೋಗವಾಗಿತ್ತು.

ಇನ್ನೊಂದು ಪದ್ಧತಿ ಇದೆ. ಅದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಇಲ್ಲಿಯ ಬೆಳೆಗಾರರು ಕಾಫಿ ತಂದ ದಿನವೇ ಮಾರುವುದಿಲ್ಲ. ತೂಕ ಮಾಡಿಸಿ, ನಮ್ಮ ಗೋಡೌನಿನಲ್ಲಿ ಇಟ್ಟು, ಒಂದು ಚೀಟಿ ತೆಗೆದುಕೊಂಡು ಹೋಗುತ್ತಾರೆ. ಬೆಲೆಯ ಮಾತು ಆಮೇಲೆ. ತಿಂಗಳು ಬಿಟ್ಟೋ ಆರು ತಿಂಗಳು ಬಿಟ್ಟೋ, ತಮಗೆ ಸರಿ ಕಂಡ ದಿನ ಫೋನ್ ಮಾಡಿ "ಇವತ್ತಿನ ರೇಟಿಗೆ ಫಿಕ್ಸ್ ಮಾಡಿ" ಅಂದರೆ ವ್ಯಾಪಾರ ಮುಗಿಯಿತು. ಆ ಗಳಿಗೆಯಿಂದ ಕಾಫಿ ನಮ್ಮದು, ದುಡ್ಡು ಅವರದು. ಅಲ್ಲಿಯವರೆಗೆ ಗೋಡೌನು ಮಾತ್ರ ನಮ್ಮದು, ಒಳಗಿರುವ ಕಾಫಿ ಅವರದೇ. ಕೆಲವು ವ್ಯಾಪಾರಿಗಳು ಇಂಥ ಕಾಫಿಯನ್ನು ಸದ್ದಿಲ್ಲದೆ ಮಾರಿ ದುಡ್ಡು ತಿರುಗಿಸಿಕೊಂಡು, ಫೋನ್ ಬಂದಾಗ ಎಲ್ಲಿಂದಲೋ ಹೊಂದಿಸುತ್ತಾರೆ. ರೇಟು ಇಳಿದರೆ ಅವರಿಗೆ ಲಾಭ. ಏರಿದರೆ ರಾತ್ರೋರಾತ್ರಿ ಊರು ಬಿಡಬೇಕು.

ಆ ವರ್ಷ ರೇಟು ಏರಿತು. ಏರಿತು ಅಂದರೆ ಸಾಲದು, ತಲೆ ತಿರುಗುವ ಹಾಗೆ ಏರಿತು. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಲಂಡನ್ನಿನಲ್ಲಿ ಮಾರುಕಟ್ಟೆ ತೆರೆಯುತ್ತದೆ. ಸುಂಟಿಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಿಂತವರು, ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಟ್ರ್ಯಾಕ್ಟರ್ ಓಡಿಸುವವರು, ಎಲ್ಲರೂ ಫೋನ್ ತೆಗೆದು ನೋಡುತ್ತಿದ್ದರು. ಎಲ್ಲೋ ಬ್ರೆಜಿಲ್‌ನಲ್ಲಿ, ವಿಯೆಟ್ನಾಂನಲ್ಲಿ ಬೆಳೆ ಕೆಟ್ಟರೆ ನಮ್ಮ ಮಿಲ್ಲಿನ ಗೇಟಿನ ಹತ್ತಿರದ ಟೀ ಅಂಗಡಿಯಲ್ಲಿ ಮಾತು ಬದಲಾಗುತ್ತಿತ್ತು. ನನಗೆ ಇವತ್ತಿಗೂ ಇದು ಒಂದು ಬೆರಗು. ಅಷ್ಟು ದೊಡ್ಡ ಪ್ರಪಂಚ ಇಷ್ಟು ಚಿಕ್ಕ ಗೇಟಿನೊಳಗೆ ಹೇಗೆ ನುಗ್ಗುತ್ತದೋ.

ಎಲ್ಲರಿಗೂ ಹಬ್ಬವಾದ ಆ ಏರಿಕೆ ನಮ್ಮ ಕುತ್ತಿಗೆಗೆ ಬಂತು. ಯಜಮಾನರು ಪ್ರತಿ ವರ್ಷದಂತೆ ಕೊಯ್ಲಿಗೆ ಮೊದಲೇ ಇಟಲಿಯವನಿಗೆ ಐದು ಕಂಟೇನರ್ ಕಾಫಿ ಕೊಡುವುದಾಗಿ ಹಳೇ ರೇಟಿಗೆ ಒಪ್ಪಿಕೊಂಡಿದ್ದರು. ಬ್ಯಾಂಕಿನ ಸಾಲದ ಮಿತಿಯೂ ಹಳೇ ರೇಟಿನ ಲೆಕ್ಕದ್ದು. ಅದೇ ದುಡ್ಡಿಗೆ ಈಗ ಅರ್ಧ ಕಾಫಿಯೂ ಬರುತ್ತಿರಲಿಲ್ಲ. ಎರಡು ಕಂಟೇನರಿಗೆ ಆಗುವಷ್ಟು ಕೊಂಡ ಮೇಲೆ ಖಾತೆ ಬರಿದಾಯಿತು. ಮೂರು ಬಾಕಿ. ಮಾರ್ಚ್ ಕೊನೆಯೊಳಗೆ ಕಳಿಸದಿದ್ದರೆ ಗಿರಾಕಿ ಬೇರೆ ಕಡೆ ದುಬಾರಿ ರೇಟಿಗೆ ಕೊಂಡು, ಹೆಚ್ಚಾದ ಅಷ್ಟೂ ದುಡ್ಡನ್ನು ನಮ್ಮಿಂದ ವಸೂಲಿ ಮಾಡುತ್ತಾನೆ. ಕರಾರಿನಲ್ಲಿ ಹಾಗೇ ಬರೆದಿತ್ತು. ಹಾಗಾದರೆ ಮಿಲ್ಲೂ ಹೋಯಿತು, ಯಜಮಾನರ ಮನೆಯೂ ಹೋಯಿತು, ಎಂಬತ್ತು ಹೆಂಗಸರ ಕೂಲಿಯೂ ಹೋಯಿತು.

ತಮಾಷೆ ಏನೆಂದರೆ ಗೋಡೌನು ಸೂರಿನವರೆಗೆ ತುಂಬಿತ್ತು. ರೇಟು ಇನ್ನೂ ಏರುತ್ತದೆ ಅಂತ ಯಾರೂ ಫಿಕ್ಸ್ ಮಾಡದೆ ಇಟ್ಟ ಕಾಫಿ. ನಾನು ದಿನಾ ಅದರ ಪಕ್ಕದಲ್ಲೇ ನಡೆದುಹೋಗಿ ನನ್ನ ಕುರ್ಚಿಯಲ್ಲಿ ಕೂತು, ಕಾಫಿ ಇಲ್ಲ ಅಂತ ತಲೆ ಚಚ್ಚಿಕೊಳ್ಳುತ್ತಿದ್ದೆ.

ಒಂದು ದಿನ ನಾನು ಮಾಡಬಾರದ ಕೆಲಸ ಮಾಡಿದೆ. ತಿಂಗಳಿಗೊಮ್ಮೆ ಬ್ಯಾಂಕಿಗೆ ಕಳಿಸುವ ಸ್ಟಾಕ್ ಪಟ್ಟಿಯಲ್ಲಿ ಗೋಡೌನಿನ ಅಷ್ಟೂ ಚೀಲಗಳನ್ನು ಕಂಪನಿಯದು ಅಂತ ತೋರಿಸಿದೆ. ಮಾರಲಿಲ್ಲವಲ್ಲ, ಬರೀ ತೋರಿಸಿದ್ದು, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಾಲ ಬರುತ್ತದೆ, ಕಾಫಿ ಕೊಳ್ಳುತ್ತೇವೆ, ಹಡಗು ಹೋಗುತ್ತದೆ, ದುಡ್ಡು ಬರುತ್ತದೆ, ಯಾರಿಗೂ ನಷ್ಟವಿಲ್ಲ. ಎಂಬಿಎ ಬುದ್ಧಿ. ಯಜಮಾನರ ಮುಂದೆ ಇಟ್ಟಾಗ ಅವರು "ನೀನು ನೋಡಿದ್ದೀಯಲ್ಲ ತಾಯಿ" ಅಂತ ಸಹಿ ಹಾಕಿದರು. ಇಂಗ್ಲಿಷ್ ಕಾಗದವನ್ನು ಅವರು ಓದುತ್ತಿರಲಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಟ್ಟೆ.

ಒಂದು ವಾರಕ್ಕೆ ಬ್ಯಾಂಕಿನ ಮ್ಯಾನೇಜರು ತಪಾಸಣೆಗೆ ಬಂದರು. ಧಾರವಾಡದ ಕಡೆಯವರು, ವರ್ಗವಾಗಿ ಬಂದು ಒಂದು ವರ್ಷ ಆಗಿತ್ತು. ಗೋಡೌನಿನ ಬಾಗಿಲಲ್ಲಿ ನಿಂತು ಚೀಲದ ಅಟ್ಟಿಗಳನ್ನು ನೋಡಿ ಅವರ ಕಣ್ಣು ಅರಳಿತು. ಹೆಚ್ಚುವರಿ ಸಾಲ ಮಂಜೂರಾದ ಹಾಗೇ ಅಂತ ನನ್ನ ಎದೆ ಹಗುರಾಯಿತು.

"ಭಾಳ ಸ್ಟಾಕ್ ಐತಲ್ರಿ ಯಜಮಾನ್ರ. ಇದು ಪೂರಾ ನಿಮ್ಮದ ಅಲ್ರಿ?" ಅಂತ ಮ್ಯಾನೇಜರು ಸುಮ್ಮನೆ ಮಾತಿಗೆ ಕೇಳಿದರು.

"ಎಲ್ಲಿ ಸಾರ್ ನಮ್ದು," ಅಂದರು ಯಜಮಾನರು, ಅಷ್ಟೇ ಸಲೀಸಾಗಿ. "ಆ ಎಡಗಡೆ ಮೂಲೆಲಿ ಐತಲ್ಲ, ಅದಷ್ಟೇ ನಮ್ದು. ಮಿಕ್ಕಿದ್ದೆಲ್ಲ ಜನ ಇಟ್ಟಿರದು. ರೇಟ್ ಆಗಿಲ್ಲ ಇನ್ನೂ."

ಮ್ಯಾನೇಜರು ಕೈಯಲ್ಲಿದ್ದ ಪಟ್ಟಿ ನೋಡಿದರು. ನನ್ನನ್ನು ನೋಡಿದರು. ಪಟ್ಟಿಯಲ್ಲಿ ಬೇರೆ ಇದೆಯಲ್ಲ ಅಂತ ಅವರು ಕೇಳಿದಾಗ ಯಜಮಾನರಿಗೂ ಅರ್ಥವಾಯಿತು. ಅವರು ನನ್ನ ಕಡೆ ತಿರುಗಲೇ ಇಲ್ಲ.

"ಸಹಿ ನಂದಲ್ವಾ ಸಾರ್? ತಪ್ಪೂ ನಂದೇ. ಸರಿ ಮಾಡಿ ಕಳಿಸ್ತೀವಿ," ಅಂದರು.

ಮ್ಯಾನೇಜರು ಪಟ್ಟಿ ಮಡಚಿ ನನ್ನ ಕೈಗೆ ವಾಪಸ್ ಕೊಟ್ಟರು. "ಸಂಜಿಯೊಳಗ ಖರೇ ಪಟ್ಟಿ ಕಳಸ್ರಿ. ಇದು ನನಗ ಬಂದೇ ಇಲ್ಲ ಅಂತ ತಿಳ್ಕೋತೇನಿ," ಅಂದು, ಟೀ ಕೂಡ ಕುಡಿಯದೆ ಜೀಪು ಹತ್ತಿದರು.

ಅವರು ಹೋದ ಮೇಲೆ ನನಗೆ ನಾಚಿಕೆ ಆಗಬೇಕಿತ್ತು. ಆದದ್ದು ಸಿಟ್ಟು. ಆಫೀಸಿನ ಬಾಗಿಲು ಹಾಕಿ ಯಜಮಾನರಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಒಂದು ಮಾತು ಸುಮ್ಮನಿದ್ದಿದ್ದರೆ ಕಂಪನಿ ಉಳಿಯುತ್ತಿತ್ತು, ಮಾಡಿಟ್ಟದ್ದನ್ನೆಲ್ಲ ಮಣ್ಣುಪಾಲು ಮಾಡಿದಿರಿ, ಇನ್ನು ನನ್ನನ್ನು ಬಿಡಿ ಅಂದೆ. ಅವರು ನನ್ನ ಉಸಿರು ಮುಗಿಯುವವರೆಗೆ ಕಾದರು.

"ಅಲ್ಲ ಕಣಮ್ಮ," ಅಂದರು ಆಮೇಲೆ. "ನಾಳೆ ನಾವು ಸಾಲ ಕಟ್ಟದೆ ಹೋದ್ರೆ ಬ್ಯಾಂಕ್‌ನೋರು ಬಂದು ಗೋಡೌನ್‌ಗೆ ಸೀಲ್ ಹಾಕ್ತಾರೆ. ಯಾರ ಕಾಫಿಗೆ ಹಾಕ್ತಾರೆ? ನೀನು ನಮ್ದು ಅಂತ ಬರ್ಕೊಟ್ಟಿದ್ದೀಯ. ಅವಾಗ ಆ ಜನ ಚೀಟಿ ಹಿಡ್ಕೊಂಡು ಬಂದ್ರೆ ಏನ್ ಹೇಳನ?"

ಹತ್ತು ವರ್ಷ ಲೆಕ್ಕ ಮಾಡಿದ ನನಗೆ ಅದು ಹೊಳೆದೇ ಇರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ ಒಂದೇ ಮಾತಿನಲ್ಲಿ ತೋರಿಸಿಕೊಟ್ಟರು. ಸರಿಯಾದ ಪಟ್ಟಿ ಮಾಡಿ ಸಂಜೆ ಕಳಿಸಿದೆ. ನನ್ನನ್ನು ಬಿಡಿ ಅಂದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆದರೆ ಬ್ಯಾಂಕಿನ ಜೀಪು ಬಂದು ಹತ್ತೇ ನಿಮಿಷಕ್ಕೆ ಹೊರಟಿದ್ದನ್ನು ಗೇಟಿನ ಟೀ ಅಂಗಡಿ ನೋಡಿತ್ತು. ಕತ್ತಲಾಗುವ ಹೊತ್ತಿಗೆ ಸುಂಟಿಕೊಪ್ಪದಲ್ಲಿ ಅದು "ಕಂಪನಿಗೆ ಬ್ಯಾಂಕ್‌ನವರು ಬೀಗ ಹಾಕಿದ್ರಂತೆ" ಅಂತ ಆಗಿತ್ತು. ಕೊಡ್ಲಿಪೇಟೆ ಮುಟ್ಟುವಷ್ಟರಲ್ಲಿ ಯಜಮಾನರು ಊರನ್ನೇ ಬಿಟ್ಟಿದ್ದರು. ಮಾರನೇ ದಿನ ಬೆಳಿಗ್ಗೆ ನಾನು ಬರುವಾಗ ಗೇಟಿನಿಂದ ಮುಖ್ಯರಸ್ತೆಯವರೆಗೆ ಪಿಕಪ್ ಗಾಡಿಗಳು ಸಾಲು ನಿಂತಿದ್ದವು. ಎಲ್ಲರ ಕೈಯಲ್ಲೂ ಚೀಟಿ. ಎಲ್ಲರಿಗೂ ಅವರವರ ಕಾಫಿ ವಾಪಸ್ ಬೇಕಾಗಿತ್ತು.

ಯಜಮಾನರು ಗೋಡೌನಿನ ಎರಡೂ ಬಾಗಿಲು ತೆಗೆಸಿದರು. ತಕ್ಕಡಿಯ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತರು. ನಾನು ರಿಜಿಸ್ಟರ್ ಹಿಡಿದು ನಿಂತೆ. ಹೆಸರು ಓದುವುದು, ಅಟ್ಟಿ ತೋರಿಸುವುದು, ತೂಕ ಮಾಡುವುದು, ಚೀಟಿ ಹರಿಯುವುದು. ಪ್ರತಿ ಮನೆಯ ಚೀಲಕ್ಕೂ ಒಂದೊಂದು ಬಣ್ಣದ ಗುರುತು ಇತ್ತು. ಮೊದಲ ಗಂಟೆಯಲ್ಲಿ ಜನ ಕೂಗಾಡಿದರು, ಒಬ್ಬರಂತೂ ಯಜಮಾನರ ಅಂಗಿ ಹಿಡಿಯಲು ಬಂದರು. ಮಧ್ಯಾಹ್ನದ ಹೊತ್ತಿಗೆ ಕೂಗು ಕಡಿಮೆಯಾಯಿತು. ಯಾಕೆಂದರೆ ಯಾರು ಚೀಟಿ ಕೊಟ್ಟರೂ ಅವರ ಚೀಲಗಳು ಅಲ್ಲೇ ಇದ್ದವು. ಅವರೇ ಕಟ್ಟಿದ ಗಂಟಿನ ಸಮೇತ ಇದ್ದವು. ಸಾವಿರಾರು ಚೀಲ, ಒಂದೂ ಹೆಚ್ಚುಕಡಿಮೆ ಇಲ್ಲ. ಕಂಪನಿ ಉಸಿರುಗಟ್ಟಿ ಸಾಯುತ್ತಿದ್ದ ಆ ತಿಂಗಳುಗಳಲ್ಲಿ ಈ ಮನುಷ್ಯ ಅದರಲ್ಲಿ ಒಂದಕ್ಕೂ ಕೈ ಹಚ್ಚಿರಲಿಲ್ಲ. ದೇವಸ್ಥಾನಗಳಲ್ಲಿ ನಿಂತಾಗಲೂ ನನಗೆ ಹಾಗೆ ಮೈ ಜುಮ್ಮೆಂದಿಲ್ಲ. ಅದೂ ನಮ್ಮ ಗೋಡೌನು ಕಣ್ಣೆದುರಿಗೆ ಖಾಲಿಯಾಗುತ್ತಿದ್ದಾಗ.

ಎರಡನೇ ದಿನ ಮಧ್ಯಾಹ್ನ ಮ್ಯಾನೇಜರು ಬಂದರು. ಅವರಿಗೂ ಸುದ್ದಿ ಮುಟ್ಟಿತ್ತು. ಕಂಬಕ್ಕೆ ಒರಗಿ ನಿಂತು ನೋಡಿದರು. ಸುಮಾರು ಹೊತ್ತಾದ ಮೇಲೆ ಎಡಗಡೆ ಮೂಲೆಗೆ ಹೋಗಿ ನಮ್ಮ ಚೀಲಗಳನ್ನು ತಾವೇ ಎಣಿಸಿಕೊಂಡು ಬಂದರು. ಹೊಸ ಪಟ್ಟಿಗೂ ಅದಕ್ಕೂ ಒಂದು ಚೀಲದ ವ್ಯತ್ಯಾಸವೂ ಇರಲಿಲ್ಲ.

"ನನ್ನ ಸರ್ವಿಸ್‌ನ್ಯಾಗ ಎಲ್ಲಾರೂ ಇಲ್ಲದ್ದು ತೋರ್ಸೋರು ನೋಡ್ರಿ," ಅಂದರು ನನ್ನ ಹತ್ತಿರ ನಿಂತು. "ಕಣ್ಣಮುಂದ ಇದ್ದದ್ದನ್ನ ನಂದಲ್ಲ ಅಂದವ್ರು ಇವ್ರೊಬ್ರು."

ಆ ಹೊತ್ತಿಗೆ ಸುಂಟಿಕೊಪ್ಪದ ಆಚೆಯ ಒಬ್ಬ ಅಜ್ಜಿ ಪಿಕಪ್ ಮಾಡಿಕೊಂಡು ಬಂದರು. ಅವರದು ಅರವತ್ತು ಚೀಲ. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ಮಾಡಿಸುವವರು, ಮನೆಯಲ್ಲಿ ಅರೆಭಾಷೆ, ನಮ್ಮ ಜೊತೆ ಕನ್ನಡ. ಅವರು ಬಂದರೆ ತೂಕ ಮಾಡುವವರು ನಡುಗುತ್ತಿದ್ದರು. ಅರ್ಧ ಕೆಜಿಗೆ ಅರ್ಧ ಗಂಟೆ ಜಗಳ ತೆಗೆಯುವ ಗಟ್ಟಿಗಿತ್ತಿ. ಅಟ್ಟಿಯ ಹತ್ತಿರ ಹೋಗಿ ತಮ್ಮ ಚೀಲಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಒಂದು ಚೀಲದ ಬಾಯಿ ಬಿಚ್ಚಿ ಕೈ ಹಾಕಿ ಮೂಸಿ ನೋಡಿದರು. ಆಮೇಲೆ ಸುತ್ತ ಖಾಲಿ ನೆಲ ನೋಡಿ ಯಜಮಾನರ ಹತ್ತಿರ ಬಂದರು.

"ಎಲ್ಲರೂ ತಕೊಂಡು ಹೋದ್ರೆ ನೀವು ಹಡಗಿಗೆ ಎಂತ ಹಾಕುದು?"

"ಎರಡು ಕಂಟೇನರ್‌ಗೆ ಐತೆ ಅವ್ವ. ಮೂರಕ್ಕಿಲ್ಲ."

"ಮತ್ತೆ?"

"ಮತ್ತೇನಿಲ್ಲ. ಇಲ್ಲಿಗೆ ಮುಗೀತು."

"ನನ್ನದು ಅರವತ್ತು ಚೀಲ ಇಲ್ಲೇ ಬಿದ್ದಿತ್ತಲ್ಲ. ಹಾಕಿ ಕಳಿಸುದಲ್ವಾ?"

"ನೀವು ರೇಟ್ ಹೇಳಿರ್ಲಿಲ್ವಲ್ಲ."

ಅಜ್ಜಿ ಅಲ್ಲೇ ಪಿಕಪ್ ಡ್ರೈವರನ್ನು ಕರೆದು ಆ ದಿನದ ರೇಟು ಫೋನಿನಲ್ಲಿ ನೋಡಿಸಿದರು. "ಇವತ್ತಿನ ರೇಟಿಗೆ ಫಿಕ್ಸ್ ಮಾಡಿ. ದುಡ್ಡು ನಿಮ್ಮ ಹಡಗು ಮುಟ್ಟಿದ ಮೇಲೆ ಸಾಕು. ಚೀಟಿ ಬೇರೆ ಬರೆಯಿರಿ," ಅಂದರು. ನಾನು ಬರೆದೆ. ಅವಸರಕ್ಕೆ ಅಕ್ಷರ ಸೊಟ್ಟಗಾಯಿತು. ಅಜ್ಜಿ ಅದಕ್ಕೂ ಬೈದು, ಖಾಲಿ ಗಾಡಿ ವಾಪಸ್ ಹೋಗುವುದಕ್ಕೆ ಪೂರ್ತಿ ಬಾಡಿಗೆ ಯಾಕೆ ಅಂತ ಡ್ರೈವರ ಜೊತೆ ಜಗಳ ಮಾಡಿಕೊಂಡು ಹೋದರು.

ಖಾಲಿ ಗಾಡಿ ಸುಂಟಿಕೊಪ್ಪಕ್ಕೆ ವಾಪಸ್ ಬಂದದ್ದನ್ನು ಜನ ನೋಡಿದರು. ಜಿಪುಣಿ ಅಜ್ಜಿಯೇ ಕಾಫಿ ಬಿಟ್ಟು ಬಂದಳಂತೆ ಅನ್ನುವ ಸುದ್ದಿ ಬ್ಯಾಂಕಿನ ಬೀಗದ ಸುದ್ದಿಗಿಂತ ಜೋರಾಗಿ ಓಡಿತು. ಮೂರನೇ ದಿನ ಗೇಟಿಗೆ ಬಂದವರಲ್ಲಿ ಕೆಲವರು ಅದೇ ಷರತ್ತಿಗೆ ಫಿಕ್ಸ್ ಮಾಡಿದರು. ಒಯ್ದವರಲ್ಲಿ ನಾಲ್ಕೈದು ಮನೆಯವರು ತಿರುಗಿ ತಂದರು. ಮಿಕ್ಕವರು ತರಲಿಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಮ್ಯಾನೇಜರು ಮೇಲಿನ ಆಫೀಸಿಗೆ ಏನು ಬರೆದರೋ ನನಗೆ ತೋರಿಸಲಿಲ್ಲ. ಸ್ಟಾಕ್ ನೋಡದೆ ಇಟಲಿಯ ಕರಾರನ್ನೇ ಆಧಾರ ಮಾಡಿಕೊಂಡು ಒಂದು ಸಣ್ಣ ಸಾಲ ಮಂಜೂರಾಯಿತು. ಅದರಲ್ಲಿ ಒಂದು ಕಂಟೇನರಿನ ಕಾಫಿ ಕೊಂಡೆವು. ಐದೂ ಹೋದವು. ಕೊನೆಯದು ಆರು ದಿನ ತಡವಾದ್ದಕ್ಕೆ ಗಿರಾಕಿ ಒಂದಷ್ಟು ದುಡ್ಡು ಮುರಿದುಕೊಂಡ. ಆ ವರ್ಷ ಲಾಭದ ಮಾತೇ ಇಲ್ಲ, ಚೆನ್ನಾಗಿಯೇ ಕೈ ಸುಟ್ಟುಕೊಂಡೆವು. ಆದರೆ ಮಿಲ್ಲು ಉಳಿಯಿತು, ಮನೆ ಉಳಿಯಿತು, ಎಂಬತ್ತು ಹೆಂಗಸರು ಮಾರನೇ ದಿನವೂ ಕೆಲಸಕ್ಕೆ ಬಂದರು.

ಕಥೆ ಇಲ್ಲಿಗೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಯಾಕೆಂದರೆ ರೇಟು ನಿಲ್ಲಲಿಲ್ಲ. ಆ ತೊಂಬತ್ತು ದಿನದಲ್ಲಿ ಅದು ಇನ್ನೂ ಮೇಲೆ ಹೋಯಿತು. ಕಾಫಿ ವಾಪಸ್ ಒಯ್ದವರು ಆಮೇಲೆ ಮಾರಿ ಚೆನ್ನಾಗಿ ದುಡ್ಡು ಮಾಡಿದರು. ನಮ್ಮನ್ನು ಉಳಿಸಿದವರು ನಷ್ಟ ಮಾಡಿಕೊಂಡರು. ಇಟಲಿಯ ದುಡ್ಡು ಬಂದ ದಿನ ಯಜಮಾನರು ನನ್ನನ್ನು ಕರೆದು, ದುಡ್ಡಿಗೆ ಕಾದವರಿಗೆಲ್ಲ ಇವತ್ತಿನ ರೇಟಿಗೆ ಕೊಡೋಣ ಅಂದರು.

ನಾನು ಸಿಟ್ಟಿನಿಂದ ಕುಣಿದಾಡಿಬಿಟ್ಟೆ. ಫಿಕ್ಸ್ ಆದ ಮೇಲೆ ಆಯಿತು, ಕೊಡಬೇಕಾದ ಅಗತ್ಯವೇ ಇಲ್ಲ, ಹೀಗೆ ಕೊಟ್ಟರೆ ಮುಂದಿನ ಸೀಸನ್ನಿಗೆ ಮತ್ತೆ ಬ್ಯಾಂಕಿನ ಬಾಗಿಲು ಅಂದೆ. ಲೆಕ್ಕ ಹಾಕಿ ತೋರಿಸಿದೆ. ಹದಿನೈದು ದಿನ ನಮ್ಮಿಬ್ಬರ ನಡುವೆ ಇದೇ ಜಗಳ. "ಅವ್ರು ಕಾದಿದ್ದು ಯಾರಿಗೋಸ್ಕರ?" ಅಂತ ಅವರು ಒಂದೇ ಮಾತು ಹಿಡಿದು ಕೂತರು. ಕೊನೆಗೆ ನಾನು ಸೋತೆ. ಎರಡು ಚೆಕ್ ಬರೆದುಕೊಂಡು ಮೊದಲು ಅಜ್ಜಿಯ ಮನೆಗೆ ಹೊರಟೆ, ಒಂದು ಅವರ ಲೆಕ್ಕದ್ದು, ಇನ್ನೊಂದು ಏರಿದ ರೇಟಿನ ವ್ಯತ್ಯಾಸದ್ದು. ಎರಡನೆಯದು ಎರಡು ಲಕ್ಷದ ಹತ್ತಿರ ಇತ್ತು. ದಾರಿಯುದ್ದಕ್ಕೂ ಹೊಟ್ಟೆ ಉರಿಯುತ್ತಿತ್ತು.

ಅಜ್ಜಿ ಅಂಗಳದಲ್ಲಿ ಮೆಣಸು ಕೇರುತ್ತಿದ್ದರು. ಮೊದಲ ಚೆಕ್ ತೆಗೆದುಕೊಂಡು, ಮೊತ್ತವನ್ನು ನನ್ನಿಂದ ಎರಡು ಸಲ ಓದಿಸಿ, ಮನಸ್ಸಿನಲ್ಲೇ ಗುಣಿಸಿ ನೋಡಿ, ಸೆರಗಿನ ತುದಿಗೆ ಕಟ್ಟಿಕೊಂಡರು. ಎರಡನೆಯದನ್ನು ಕೊಟ್ಟಾಗ ಇದೆಂತ ಅಂದರು. ನಾನು ವಿವರಿಸಿದೆ. ರೇಟು ಏರಿದೆ, ನೀವು ಕಾದಿದ್ದಕ್ಕೆ ಯಜಮಾನರು ಕಳಿಸಿದ್ದಾರೆ ಅಂದೆ.

"ನಾನು ಆ ದಿನ ಫಿಕ್ಸ್ ಮಾಡಿದೆ ಅಲ್ವಾ?"

"ಹೌದಜ್ಜಿ."

"ರೇಟು ಬಿದ್ದಿದ್ರೆ ನೀನು ಬಂದು ನನ್ನ ಹತ್ರ ವಾಪಸ್ ಕೇಳ್ತಿದ್ದೆಯಾ?"

ಇಲ್ಲ ಅಂದೆ.

"ಹಾಗಾದ್ರೆ ಇದು ನನ್ನದಲ್ಲ. ತಕೊಂಡು ಹೋಗು," ಅಂದು ಚೆಕ್ಕನ್ನು ನನ್ನ ಮಡಿಲಿಗೆ ಹಾಕಿ ಮತ್ತೆ ಮೊರ ಹಿಡಿದರು. ನಾನು ಹದಿನೈದು ದಿನ ಕಿತ್ತಾಡಿದ ದುಡ್ಡನ್ನು ಅವರು ಕಸ ತಳ್ಳಿದಷ್ಟು ಸುಲಭವಾಗಿ ತಳ್ಳಿದ್ದರು. ಗೆದ್ದವಳು ನಾನೇ, ಉಳಿದದ್ದು ನನ್ನ ಕಂಪನಿಯ ದುಡ್ಡೇ. ಆದರೂ ನನ್ನ ಕಣ್ಣಲ್ಲಿ ನೀರು ತುಂಬಿತು, ತಡೆಯಲಾಗಲಿಲ್ಲ. ಇಂಥ ಜನರ ಕಾಫಿಯನ್ನು ನಮ್ಮದು ಅಂತ ಬರೆದಿದ್ದೆನಲ್ಲ ಅನ್ನಿಸಿತು. ಚೆಕ್ಕನ್ನು ಮಡಚಿಕೊಂಡು ಎದ್ದು ನಿಂತೆ.

ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಕೂಗಿದರು. ಮನಸ್ಸು ಬದಲಾಯಿತೋ ಏನೋ ಅಂತ ತಿರುಗಿದೆ.

"ನನ್ನ ಅರವತ್ತು ಗೋಣಿಚೀಲ ನಿಮ್ಮಲ್ಲೇ ಉಂಟು. ಕಾಫಿಗೆ ಮಾತ್ರ ರೇಟು ಮಾಡಿದ್ದು, ಚೀಲಕ್ಕಲ್ಲ. ನಾಳೆಯೇ ಕಳಿಸು. ತೂತು ಬಿದ್ದದ್ದು ಕೊಟ್ರೆ ತಕೊಳ್ಳುದಿಲ್ಲ."

ಮಾರನೇ ದಿನ ಅರವತ್ತು ಚೀಲಗಳನ್ನೂ ನಾನೇ ಬೆಳಕಿಗೆ ಹಿಡಿದು ನೋಡಿ ಕಳಿಸಿದೆ.